ಮತ ಒಡೆಯುವ ಭಯ ಮತ್ತು ಮತ ಎಣಿಸುವ ರೀತಿ

(ತಿಪಟೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಚುನಾವಣೆ ಸಮೀಪಿಸಿದಾಗಲೆಲ್ಲಾ ನಮ್ಮ ಮೊಹಲ್ಲಾಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಈ ಸಲ ಮತ ಒಡೆಯಬಾರದು.” ನಮ್ಮವರಲ್ಲೇ ಒಬ್ಬ ಯೋಗ್ಯ ಯುವಕ ಸ್ಪರ್ಧಿಸಲು ಮುಂದಾದರೆ ಹಿರಿಯರು ಆತನ ಮನೆಗೆ ಹೋಗಿ ನಾಮಪತ್ರ ಹಿಂತೆಗೆದುಕೊಳ್ಳುವಂತೆ ಬುದ್ಧಿ ಹೇಳುತ್ತಾರೆ. ಫಲಿತಾಂಶ ಬಂದ ಮೇಲೆ ಮತ ಒಡೆದವರು ಯಾರೆಂಬ ಚರ್ಚೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಈ ಭಯ ಹುಟ್ಟುವುದು ಮತ ಹಾಕುವವರಿಂದಲೋ, ಮತ ಎಣಿಸುವ ರೀತಿಯಿಂದಲೋ? ಇಂದು ನಾನು ತಮ್ಮೊಂದಿಗೆ ವಿಚಾರ ಮಾಡಬಯಸುವುದು ಇದನ್ನೇ.

ವಿಧಾನಸಭೆ, ಜಿಲ್ಲಾ ಪಂಚಾಯತಿ, ನಗರಸಭೆ ಇವೆಲ್ಲದರಲ್ಲೂ ನಾವು ಅನುಸರಿಸುವ ನಿಯಮ ಒಂದೇ: ಹೆಚ್ಚು ಮತ ಪಡೆದವನು ಗೆದ್ದ. ಮೂರು ಪಕ್ಷಗಳು ಸೆಣಸುವ ಈ ತೆಂಗಿನ ಸೀಮೆಯಲ್ಲಿ ನೂರಕ್ಕೆ ಮೂವತ್ತಾರು ಮತ ಪಡೆದವರೂ ಗೆಲ್ಲಬಹುದು. ಉಳಿದ ಅರವತ್ತನಾಲ್ಕು ಮತಗಳಿಗೆ ಸಭೆಯಲ್ಲಿ ಬಾಯಿಯೇ ಇರುವುದಿಲ್ಲ.

ಗ್ರಾಮ ಪಂಚಾಯತಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಸಂಪಿಗೆಯ ಸುತ್ತಣ ಊರುಗಳ ಮತದಾರರು ಇದನ್ನು ಬಲ್ಲರು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಒಂದು ವಾರ್ಡಿಗೆ ಎರಡು, ಮೂರು, ನಾಲ್ಕು ಸ್ಥಾನಗಳಿರಬಹುದು. ಎಷ್ಟು ಸ್ಥಾನಗಳೋ ಅಷ್ಟು ಮತ ಹಾಕುವ ಅವಕಾಶ ಮತದಾರನಿಗಿದೆ. ಉದಾರವಾಗಿ ಕಾಣುವ ಈ ಏರ್ಪಾಡಿನ ಫಲವನ್ನು ಲೆಕ್ಕ ಹಾಕಿ ನೋಡೋಣ. ನಾಲ್ಕು ಸ್ಥಾನಗಳ ವಾರ್ಡಿನಲ್ಲಿ ಸಾವಿರ ಮಂದಿ ಮತ ಹಾಕಿದರೆಂದು ಭಾವಿಸಿ. ಅವರಲ್ಲಿ 790 ಮಂದಿ ಒಂದು ಗುಂಪು, 210 ಮಂದಿ ಇನ್ನೊಂದು ಗುಂಪು. ದೊಡ್ಡ ಗುಂಪಿನ ನಾಲ್ವರಿಗೂ ತಲಾ 790 ಮತ ಬೀಳುತ್ತದೆ, ಸಣ್ಣ ಗುಂಪಿನವರಿಗೆ ತಲಾ 210. ನಾಲ್ಕು ಸ್ಥಾನಗಳೂ ಒಂದೇ ಕಡೆಗೆ ಹೋಗುತ್ತವೆ. ಐದನೆಯ ಒಂದು ಭಾಗಕ್ಕಿಂತ ಹೆಚ್ಚಿರುವ ಜನರಿಗೆ ದಕ್ಕುವುದು ಶೂನ್ಯ. ಆ 210 ಮಂದಿ ಮುಸ್ಲಿಮರೇ ಆಗಬೇಕೆಂದಿಲ್ಲ. ಒಂದು ಗೊಲ್ಲರಹಟ್ಟಿಯವರಾಗಿರಬಹುದು, ಒಂದು ತಾಂಡಾದವರಾಗಿರಬಹುದು.

ಇದಕ್ಕೆ ಬದಲಾದ ರೀತಿಯೊಂದಿದೆ. ಅದರ ಹೆಸರು ಪ್ರಮಾಣಾನುಗುಣ ಪ್ರಾತಿನಿಧ್ಯ. ಅದರಲ್ಲೂ ಏಕ ವರ್ಗಾವಣೀಯ ಮತಪದ್ಧತಿ. ಮತದಾರನಿಗೆ ಇರುವುದು ಒಂದೇ ಮತ. ಆದರೆ ಆತ ತನ್ನ ಮೊದಲ ಆಯ್ಕೆಯ ಮುಂದೆ 1, ಎರಡನೆಯ ಆಯ್ಕೆಯ ಮುಂದೆ 2, ಹೀಗೆ ಪ್ರಾಶಸ್ತ್ಯ ಬರೆಯುತ್ತಾನೆ. ನಾಲ್ಕು ಸ್ಥಾನಗಳಿದ್ದರೆ ಒಟ್ಟು ಮತಗಳನ್ನು ಐದರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲುವಿನ ಕೋಟಾ ಸಿಗುತ್ತದೆ. ಸಾವಿರ ಮತಕ್ಕೆ ಅದು 201. ಕೊಬ್ಬರಿ ತುಂಬುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಚೀಲ ತುಂಬಿದ ಮೇಲೆ ಉಳಿದುದು ವ್ಯರ್ಥವಾಗದೆ ಮುಂದಿನ ಚೀಲಕ್ಕೆ ಹೋಗುತ್ತದೆ. ಕೋಟಾ ಮೀರಿದ ಮತಗಳೂ ಹಾಗೆಯೇ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತವೆ. ಎಲ್ಲರಿಗಿಂತ ಕಡಿಮೆ ಮತ ಪಡೆದವನನ್ನು ಕಣದಿಂದ ತೆಗೆದು ಆತನ ಮತಗಳನ್ನೂ ಹಾಗೆಯೇ ಹಂಚುತ್ತಾರೆ. ಈಗ 790 ಮಂದಿಗೆ ಮೂರು ಸ್ಥಾನ, 210 ಮಂದಿಗೆ ಒಂದು ಸ್ಥಾನ. ಆ 210 ಮಂದಿಯ ನಡುವೆ ಇಬ್ಬರು ಸ್ಪರ್ಧಿಸಿದರೂ ಬಾಧಕವಿಲ್ಲ. ಒಬ್ಬನಿಗೆ 1, ಇನ್ನೊಬ್ಬನಿಗೆ 2 ಎಂದು ಅವರು ಬರೆದರೆ ಸೋತವನ ಮತ ಗೆಲ್ಲುವವನನ್ನು ಸೇರುತ್ತದೆ. ಯಾರ ಮನೆಗೂ ಹೋಗಿ ನಾಮಪತ್ರ ಹಿಂತೆಗೆಸುವ ಅಗತ್ಯ ಬೀಳುವುದಿಲ್ಲ.

ಇದು ಪರದೇಶದ ಕನಸಲ್ಲ. ನಮ್ಮ ಸಂವಿಧಾನದ 55ನೇ ವಿಧಿಯಂತೆ ರಾಷ್ಟ್ರಪತಿಯ, 80ನೇ ವಿಧಿಯಂತೆ ರಾಜ್ಯಸಭೆಯ, 171ನೇ ವಿಧಿಯಂತೆ ವಿಧಾನ ಪರಿಷತ್ತಿನ ಚುನಾವಣೆ ನಡೆಯುವುದು ಇದೇ ಪದ್ಧತಿಯಲ್ಲಿ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ ಸದಸ್ಯರನ್ನು ಆರಿಸುವಾಗ ನಮ್ಮ ಗ್ರಾಮ ಪಂಚಾಯತಿ ಸದಸ್ಯರು ಚುನಾವಣಾಧಿಕಾರಿ ಕೊಟ್ಟ ನೇರಳೆ ಶಾಯಿಯ ಪೆನ್ನಿನಿಂದ ಅಂಕಿ ಬರೆಯುತ್ತಾರೆ. ಕನ್ನಡದ ಅಂಕಿಯನ್ನೂ ಬರೆಯಬಹುದು. ಎಂದರೆ, ತಾವು ಆಯ್ಕೆಯಾಗುವಾಗ ಒಂದು ರೀತಿ, ತಾವು ಆಯ್ಕೆ ಮಾಡುವಾಗ ಇನ್ನೊಂದು ರೀತಿ!

ಈ ಪದ್ಧತಿಯ ಗುಣ ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವಲ್ಲಿ ಮಾತ್ರ ಪೂರ್ಣವಾಗಿ ತೋರುತ್ತದೆ. ತುಮಕೂರು ಕ್ಷೇತ್ರಕ್ಕೆ ಒಂದೇ ಸ್ಥಾನ. ಆದರೆ ರಾಜ್ಯದ ಐದು ಕ್ಷೇತ್ರಗಳಿಗೆ ಎರಡೆರಡು ಸ್ಥಾನಗಳಿವೆ. 2021ರ ಡಿಸೆಂಬರ್ ಚುನಾವಣೆಯ ಫಲಿತಾಂಶವನ್ನು ನೋಡಿ. ದಕ್ಷಿಣ ಕನ್ನಡ, ಧಾರವಾಡ ಮತ್ತು ವಿಜಯಪುರಗಳಲ್ಲಿ ಕಾಂಗ್ರೆಸ್‌ಗೆ ಒಂದು, ಬಿಜೆಪಿಗೆ ಒಂದು. ಮೈಸೂರಿನಲ್ಲಿ ಕಾಂಗ್ರೆಸ್‌ಗೆ ಒಂದು, ಜನತಾದಳಕ್ಕೆ ಒಂದು. ಬೆಳಗಾವಿಯಲ್ಲಿ ಕಾಂಗ್ರೆಸ್‌ಗೆ ಒಂದು, ಪಕ್ಷೇತರರಿಗೆ ಒಂದು. ಐದರಲ್ಲಿ ಒಂದು ಕಡೆಯೂ ಎರಡು ಸ್ಥಾನಗಳು ಒಂದೇ ಪಕ್ಷದ ಪಾಲಾಗಲಿಲ್ಲ. ಧಾರವಾಡದಿಂದ ಆಗ ಆಯ್ಕೆಯಾದವರಲ್ಲಿ ಸಲೀಂ ಅಹ್ಮದ್ ಅವರೊಬ್ಬರು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮತವಿರುವ ಯಾವ ಪಕ್ಷವನ್ನೂ ಇಲ್ಲಿ ಬರಿಗೈಯಲ್ಲಿ ಕಳಿಸಲಾಗದು.

ಸ್ಥಳೀಯ ಸಂಸ್ಥೆಗಳಿಗೆ ಇದನ್ನು ಅನ್ವಯಿಸಿದರೆ ಏನಾದೀತೆಂದು ತಿಳಿಯಲು ಐರ್ಲೆಂಡಿನ ಚರಿತ್ರೆ ನೋಡಬೇಕು. ಆ ದ್ವೀಪದ ಕೌಂಟಿ ಕೌನ್ಸಿಲ್‌ಗಳು ನಮ್ಮ ಜಿಲ್ಲಾ ಪಂಚಾಯತಿಗೆ ಸಮೀಪವಾದವು. 1919ರ ಕಾಯ್ದೆಯ ಮೂಲಕ ಅಲ್ಲಿಗೆ ಈ ಪದ್ಧತಿ ಬಂತು. 1920ರಲ್ಲಿ ಇಡೀ ದ್ವೀಪದ ಸ್ಥಳೀಯ ಚುನಾವಣೆಗಳು ಅದರಂತೆ ನಡೆದವು. ಬಳಿಕ ದ್ವೀಪ ಇಬ್ಭಾಗವಾಯಿತು. ಪ್ರಾಟೆಸ್ಟಂಟರು ಬಹುಸಂಖ್ಯಾತರಾಗಿದ್ದ ಉತ್ತರ ಭಾಗದ ಸರಕಾರ 1922ರಲ್ಲಿ ಸ್ಥಳೀಯ ಸಂಸ್ಥೆಗಳಿಂದ ಈ ಪದ್ಧತಿಯನ್ನು ಕಿತ್ತುಹಾಕಿತು, ವಾರ್ಡುಗಳ ಗಡಿಗಳನ್ನು ತನಗೆ ಬೇಕಾದಂತೆ ಗೀಚಿತು. ಡೆರ್ರಿ ನಗರದಲ್ಲಿ ಕ್ಯಾಥೊಲಿಕರು ಬಹುಸಂಖ್ಯಾತರಾಗಿದ್ದೂ ದಶಕಗಳ ಕಾಲ ಅಧಿಕಾರ ಕಾಣಲಿಲ್ಲ. ಮನೆ ಹಂಚಿಕೆಯಿಂದ ಉದ್ಯೋಗದವರೆಗೆ ಆದ ಅನ್ಯಾಯ 1968ರಲ್ಲಿ ಬೀದಿಗೆ ಬಂತು. ಮುಂದೆ ಹರಿದ ರಕ್ತದ ಕಥೆ ಜಗತ್ತಿಗೇ ಗೊತ್ತು. ಎಣಿಕೆಯ ರೀತಿಯೊಂದೇ ಇದಕ್ಕೆಲ್ಲ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ 1973ರಲ್ಲಿ ಅದೇ ಪದ್ಧತಿಯನ್ನು ಅಲ್ಲಿನ ಸ್ಥಳೀಯ ಚುನಾವಣೆಗಳಿಗೆ ಮರಳಿ ತರಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ದಕ್ಷಿಣದ ಐರ್ಲೆಂಡ್ ಅದನ್ನು ಕೈಬಿಡಲಿಲ್ಲ. ಸಂಸತ್ ಚುನಾವಣೆಯಿಂದ ಅದನ್ನು ತೆಗೆಯಲು ಸರಕಾರ 1959 ಮತ್ತು 1968ರಲ್ಲಿ ಜನಮತ ಕೇಳಿತು. ಎರಡು ಸಲವೂ ಜನರು ಬೇಡವೆಂದರು. 1992ರಲ್ಲಿ ಕ್ಲೇರ್ ಕ್ಷೇತ್ರದಿಂದ ಭಾರತೀಯ ಮೂಲದ ಡಾ. ಮೂಸಾಜಿ ಭಾಮ್‌ಜಿ ಆ ದೇಶದ ಸಂಸತ್ತಿನ ಮೊದಲ ಮುಸ್ಲಿಂ ಸದಸ್ಯರಾದರು. ಅಲ್ಲಿನ ಮುಸ್ಲಿಮರ ಸಂಖ್ಯೆ ಬಹಳ ಅಲ್ಪ. ಅವರನ್ನು ಗೆಲ್ಲಿಸಿದವರು ನೆರೆಹೊರೆಯ ಕ್ಯಾಥೊಲಿಕರೇ. ಅಭ್ಯರ್ಥಿಯು ತನ್ನವರಲ್ಲದವರ ಮನೆ ಬಾಗಿಲಿಗೂ ಹೋಗಿ “ಮೊದಲ ಮತ ನಿಮ್ಮವರಿಗಿರಲಿ, ಎರಡನೆಯದನ್ನು ನನಗೆ ಕೊಡಿ” ಎಂದು ಕೇಳಬೇಕಾಗುತ್ತದೆ. ಹಾಗೆ ಕೇಳುವವನ ನಾಲಿಗೆಯಲ್ಲಿ ವಿಷವಿರಲಾರದು.

ಇದು ಹಳೆಯ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯಲ್ಲವೇ ಎಂದು ಕೆಲವರು ಶಂಕಿಸಬಹುದು. ಖಂಡಿತ ಅಲ್ಲ. 1909ರ ಪ್ರತ್ಯೇಕ ಮತಕ್ಷೇತ್ರ ಮತದಾರನ ಧರ್ಮವನ್ನು ಕೇಳುತ್ತಿತ್ತು. ಇಲ್ಲಿ ಯಾರ ಧರ್ಮವನ್ನೂ ಯಾರೂ ಕೇಳುವುದಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಖಾಝಿ ಸೈಯದ್ ಕರೀಮುದ್ದೀನ್ ಮೊದಲಾದವರು ಇದನ್ನು ಲೋಕಸಭೆಗೂ ಅನ್ವಯಿಸಬೇಕೆಂದು ವಾದಿಸಿದ್ದರು. 1949ರ ಜನವರಿಯಲ್ಲಿ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಪ್ರಾಶಸ್ತ್ಯ ಬರೆಯಲು ಮತದಾರನಿಗೆ ಅಕ್ಷರ ಜ್ಞಾನ ಬೇಕು, ಹಲವು ಗುಂಪುಗಳಾದರೆ ಸರಕಾರ ಸ್ಥಿರವಾಗಿ ನಿಲ್ಲದು ಎಂಬುವು ಅವರ ಆಕ್ಷೇಪಗಳಾಗಿದ್ದವು. ಆ ಕಾಲಕ್ಕೆ ಅವು ತೂಕದ ಮಾತುಗಳೇ. ಆದರೆ ಇಂದು ಅಂಕಿ ಗುರುತಿಸಬಲ್ಲವರು ಪ್ರತಿ ಮನೆಯಲ್ಲಿದ್ದಾರೆ. ಪಂಚಾಯತಿಯೇನೂ ದೇಶದ ಸರಕಾರವಲ್ಲ. ಅಲ್ಲಿ ಅಧ್ಯಕ್ಷರು ಬದಲಾದರೆ ದೇಶ ಅಸ್ಥಿರವಾಗದು.

ಈ ಪದ್ಧತಿ ಎಲ್ಲ ರೋಗಕ್ಕೂ ಮದ್ದಲ್ಲ. ಪರಿಷತ್ ಚುನಾವಣೆಗಳಲ್ಲಿ ಆಮಿಷದ ದೂರುಗಳು ಕೇಳಿಬರುತ್ತಲೇ ಇವೆ. ಮತದಾರ ಮಾರಾಟಕ್ಕೆ ನಿಂತರೆ ಯಾವ ಎಣಿಕೆಯೂ ಆತನನ್ನು ಕಾಯದು. ಮತವು ಅಮಾನತು, ಅದರ ಹೊಣೆ ನಮ್ಮದೇ. ಎಣಿಕೆ ನಿಧಾನವೆಂಬುದೂ ನಿಜ. ಮಹಿಳೆಯರ, ಪರಿಶಿಷ್ಟರ ಮೀಸಲಾತಿಗೆ ಕುಂದುಬಾರದಂತೆ ನಿಯಮ ರೂಪಿಸಬೇಕಾದುದೂ ಅಗತ್ಯ.

ಆದರೂ ದಾರಿ ಇದೆ. ಪಂಚಾಯತಿ ಚುನಾವಣೆಗೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನವು ರಾಜ್ಯದ ಶಾಸಕಾಂಗಕ್ಕೇ ಕೊಟ್ಟಿದೆ. ಬಹುಸ್ಥಾನಗಳ ವಾರ್ಡುಗಳು ಗ್ರಾಮ ಪಂಚಾಯತಿಯಲ್ಲಿ ಈಗಾಗಲೇ ಇವೆ. ಬದಲಾಗಬೇಕಾದುದು ಮತ ಹಾಕುವ, ಎಣಿಸುವ ಕ್ರಮ. ನಮ್ಮ ರಾಜ್ಯ ಇಂಥ ಧೈರ್ಯವನ್ನು ಹಿಂದೆಯೂ ತೋರಿದೆ. ಅಬ್ದುಲ್ ನಝೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ದೇಶ ಎಚ್ಚರಗೊಳ್ಳುವ ಮೊದಲೇ ಇಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನಗಳು ಮೀಸಲಾದವು. ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದುದು ಎಲ್ಲರ ಊರಿಗೂ ಕೊಳವೆ ಬಾವಿ ಕೊರೆಸಿದ್ದಕ್ಕಾಗಿ. ತಮ್ಮವರ ಊರಿಗೆ ಮಾತ್ರ ಕೊರೆಸಿದ್ದಕ್ಕಲ್ಲ. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ನಡೆಯದೆ ಆಡಳಿತ ಅಧಿಕಾರಿಗಳ ಕೈಯಲ್ಲಿ ಉಳಿದುದು ನಾಚಿಕೆಯ ಸಂಗತಿ.

ಆದುದರಿಂದ ಮತ ಕೇಳಲು ಬರುವವರೊಡನೆ ನಾವು ರಸ್ತೆ, ಚರಂಡಿ, ಶಾದಿಮಹಲ್ ಇವಿಷ್ಟನ್ನೇ ಕೇಳಿ ಸುಮ್ಮನಾಗದಿರೋಣ. ಚುನಾವಣೆ ಸಕಾಲಕ್ಕೆ ನಡೆಯಲಿ, ಎಣಿಕೆ ನ್ಯಾಯವಾಗಿರಲಿ ಎಂದೂ ಕೇಳೋಣ. ಹಟ್ಟಿಯವರನ್ನೂ ತಾಂಡಾದವರನ್ನೂ ಜೊತೆಗೂಡಿಸಿಕೊಂಡು ಕೇಳೋಣ. ಅವರ 210 ಮತಗಳಿಗೆ ಬೆಲೆ ಬಂದ ದಿನವೇ ನಮ್ಮ ಮತಗಳಿಗೂ ಬೆಲೆ ಬರುವುದು.