ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಕೇಳೋಣ

(ಸಂಘದ ರಜತ ಮಹೋತ್ಸವದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಡೈರಿಯಲ್ಲಿ ಹಾಲಿನ ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೆ ನಾವು ಸುಮ್ಮನಿರುತ್ತೇವೆಯೇ? "ಹ್ವಾಯ್, ಇದೆಂತ ಮಾರ್ರೆ?" ಅಂತ ಕೇಳಿಯೇ ಕೇಳುತ್ತೇವೆ. ಪಾಸ್ ಪುಸ್ತಕದಲ್ಲಿ ಐದು ರೂಪಾಯಿ ಹೆಚ್ಚುಕಮ್ಮಿಯಾದರೂ ಕಾರ್ಯದರ್ಶಿಗಳನ್ನು ಬಿಡುವುದಿಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ಮೂಕರಾಗುತ್ತೇವೆ. ದೇಹ ನಮ್ಮದು, ದುಡ್ಡೂ ನಮ್ಮದು. ಆದರೂ ಕೇಳಲು ಹೆದರಿಕೆ.

ಪುಸ್ತಕದ ಮಾತು ಬೇಡ, ನಮ್ಮ ಮನೆಯದ್ದೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಮನೆಯ ಹಿರಿಯರೊಬ್ಬರು ಬಿ.ಪಿ.ಗೆ ಎರಡು ಕಡೆ ಮದ್ದು ಮಾಡುತ್ತಿದ್ದರು. ಒಂದು ಕಡೆಯ ಚೀಟಿ ಇನ್ನೊಂದು ಕಡೆ ತೋರಿಸಲಿಲ್ಲ. ಮಾತ್ರೆಗಳ ಹೆಸರು ಬೇರೆ ಬೇರೆ, ಒಳಗಿನ ಮದ್ದು ಒಂದೇ! ಒಂದು ಬೆಳಿಗ್ಗೆ ಹಟ್ಟಿಯಲ್ಲಿ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ ಮೊದಲು ಇಂಗ್ಲಿಷಿನ ಕಾಗದ ಕೊಟ್ಟರು. "ಸೈನ್ ಎಲ್ಲಿ ಹಾಕ್ಕ್?" ಅಂತ ಕೇಳಿದೆವು. ಎಂತಕ್ಕೆ ಅಂತ ಕೇಳಲಿಲ್ಲ. ಬಿಲ್ ಕಟ್ಟಲು ಇದೇ ಸಂಘಕ್ಕೆ ಬಂದು ಬಂಗಾರ ಅಡವು ಇಟ್ಟೆವು. ಆಗ ಕಾರ್ಯದರ್ಶಿಗಳು, "ನಿಮ್ಮ ಹತ್ತಿರ ಯಶಸ್ವಿನಿ ಕಾರ್ಡ್ ಇತ್ತಲ್ದಾ? ಸಿಕ್ಕುತ್ತದಾ ಅಂತ ಆಸ್ಪತ್ರೆಯಲ್ಲಿ ಕೇಳಿದ್ದೀರಾ?" ಅಂದರು. ಅದನ್ನೂ ಕೇಳಿರಲಿಲ್ಲ. ಕಾರ್ಡ್ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಯಶಸ್ವಿನಿ ನಮ್ಮಂಥ ಸಹಕಾರಿ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಜಾರಿಗೆ ಬಂದ ಯೋಜನೆ. ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿಯವರ ಯೋಚನೆ ಇದರ ಹಿಂದಿತ್ತು. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ನೆರವು ಎಂದು ನಿಗದಿಯಾಯಿತು. ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಆದ್ದರಿಂದ ಕಾರ್ಡನ್ನು ಸೇರಿಸುವಾಗಲೇ ತೋರಿಸಬೇಕು, ಬಿಲ್ ಬಂದ ಮೇಲಲ್ಲ.

ಬೈಂದೂರಿನವರಿರಲಿ, ಬ್ರಹ್ಮಾವರದವರಿರಲಿ, ದೊಡ್ಡ ಕಾಯಿಲೆ ಬಂದರೆ ಊರಿನ ಡಾಕ್ಟ್ರು, ಕುಂದಾಪುರ, ಉಡುಪಿ, ಮಣಿಪಾಲ ಅಂತ ಬಸ್ಸು ಹತ್ತುವವರು ನಾವು. ಹೋದಲ್ಲೆಲ್ಲ ಹೊಸ ಡಾಕ್ಟ್ರು. ಹಿಂದಿನದ್ದು ಅವರಿಗೆ ತಿಳಿಯುವುದು ನಮ್ಮಿಂದಲೇ. ಹಾಗಾಗಿ ಎಲ್ಲ ಚೀಟಿ, ರಿಪೋರ್ಟು, ತಿನ್ನುವ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಒಯ್ಯೋಣ. ನಾಟಿ ಮದ್ದು ಮಾಡಿದ್ದರೆ ಮುಚ್ಚಿಡಬಾರದು. ಕೇಳಬೇಕಾದ್ದನ್ನು ಮನೆಯಲ್ಲೇ ಬರೆದುಕೊಳ್ಳೋಣ: ಕಾಯಿಲೆ ಎಂತದ್ದು? ಈ ಮದ್ದು ಎಷ್ಟು ದಿನ? ಬೇರೆ ದಾರಿ ಉಂಟಾ? ಅಂದಾಜು ಖರ್ಚೆಷ್ಟು? ಹೊರಗೆ ನೂರು ಜನ ಕಾಯುತ್ತಿರುವಾಗ ಬರೆದು ತಂದ ನಾಲ್ಕು ಪ್ರಶ್ನೆಯಿಂದ ಡಾಕ್ಟ್ರ ಸಮಯವೂ ಉಳಿಯುತ್ತದೆ.

ಕಾನೂನೂ ನಮ್ಮ ಜೊತೆಗಿದೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು 1995ರಲ್ಲಿ ತೀರ್ಪಾಯಿತು. ವಿವರ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 2008ರಲ್ಲಿ ಹೇಳಿತು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯರ ನಿಯಮಾವಳಿಯಲ್ಲಿದೆ. ಖಾಸಗಿ ಆಸ್ಪತ್ರೆಯ ಮೇಲೆ ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ.

ಹಾಗೆಂದು ಡಾಕ್ಟ್ರ ಮೇಲೆ, ನರ್ಸಮ್ಮನ ಮೇಲೆ ಹಾರಾಡುವುದಲ್ಲ. ರಾತ್ರಿ ನಿದ್ದೆಗೆಟ್ಟು ನಮ್ಮವರನ್ನು ಉಳಿಸುವವರು ಅವರೇ. "ಡಾಕ್ಟ್ರೇ, ಗೊತ್ತಾಗಲಿಲ್ಲ, ಕನ್ನಡದಲ್ಲಿ ಇನ್ನೊಮ್ಮೆ ಹೇಳಿ" ಎಂದು ವಿನಯದಿಂದ ಕೇಳಿದರೆ ಸಾಕು. ಒಬ್ಬರಿಗೆ ಧೈರ್ಯ ಸಾಲದಿದ್ದರೆ ಓದು ಬರಹ ಬಲ್ಲ ಒಬ್ಬರು ಜೊತೆಗೆ ಹೋಗೋಣ, ಸಹಕಾರವೆಂದರೆ ಇದೇ.

ಕಡೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಆಸ್ಪತ್ರೆ ಬಿಲ್ಲಿಗೆಂದು ಯಾರಾದರೂ ಬಂಗಾರ ತಂದರೆ, ತಕ್ಕಡಿಗೆ ಹಾಕುವ ಮೊದಲು "ಕಾರ್ಡ್ ತೋರಿಸಿದ್ದೀರಾ?" ಎಂದು ಒಂದು ಮಾತು ಕೇಳಿ. ನಮ್ಮನ್ನು ಮೊದಲೇ ಯಾರಾದರೂ ಹಾಗೆ ಕೇಳಿದ್ದರೆ ಎಂದು ಈಗಲೂ ಅನಿಸುತ್ತದೆ.