ಬಿದ್ದ ಗೋಪುರ ಕಲಿಸಿದ ಪಾಠ



ಎಂಜಿನಿಯರಿಂಗ್ ಎಂದೊಡನೆ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಪ್ರವೇಶ ಪರೀಕ್ಷೆ, ರ‍್ಯಾಂಕು, ಸೀಟು, ನಾಲ್ಕು ವರ್ಷಗಳ ಓದು. ನಾಲ್ಕನೆಯ ತರಗತಿಯ ಮಗುವಿಗೂ ಎಂಜಿನಿಯರಿಂಗ್ ಕಲಿಸಬಹುದು ಎಂದರೆ ನೀವು ನಗಬಹುದು. ಆದರೆ ಹರಿಯುವ ಮಳೆನೀರಿಗೆ ಮಣ್ಣಿನ ಕಟ್ಟೆ ಕಟ್ಟಿ, ಅದು ಒಡೆದಾಗ ಕಲ್ಲು ಸೇರಿಸಿ ಮತ್ತೆ ಕಟ್ಟುವ ಹುಡುಗನನ್ನು ನೀವು ನೋಡಿಲ್ಲವೇ? ‘ಇದು ಏಕೆ ಹೀಗೆ?’ ಎಂದು ಕೇಳುವುದು ವಿಜ್ಞಾನ. ‘ಇರುವ ಸಾಮಗ್ರಿಯಲ್ಲೇ ಈ ಕೆಲಸವನ್ನು ಹೇಗೆ ಸಾಧಿಸಲಿ?’ ಎಂದು ಕೇಳುವುದು ಎಂಜಿನಿಯರಿಂಗ್. ಆ ಹುಡುಗ ಕೇಳುತ್ತಿರುವುದು ಈ ಎರಡನೆಯ ಪ್ರಶ್ನೆಯನ್ನು.

ಮಕ್ಕಳ ಕೈಗೇ ಪ್ರಯೋಗವನ್ನು ಕೊಟ್ಟು ಕಲಿಸುವ ಒಂದು ಮಹತ್ವದ ಕಾರ್ಯಕ್ರಮ ನಮ್ಮ ದೇಶದಲ್ಲಿ ನಡೆಯಿತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ಈ ವಿಜ್ಞಾನ ಬೋಧನಾ ಕಾರ್ಯಕ್ರಮ 2002ರವರೆಗೆ ಮುಂದುವರಿಯಿತು. ಕಾನ್ಪುರದ ಐಐಟಿಯಲ್ಲಿ ಓದಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದರು. ಹಳ್ಳಿಯ ಮಕ್ಕಳಿಗೆ ದುಬಾರಿ ಉಪಕರಣಗಳನ್ನು ಎಲ್ಲಿಂದ ತರುವುದು? ಅವರು ಆರಿಸಿಕೊಂಡದ್ದು ಎರಡೇ ವಸ್ತು: ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವಿನ ತೆಳ್ಳನೆಯ ರಬ್ಬರ್ ಟ್ಯೂಬು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಕೆಲಸಕ್ಕೆ ತಮ್ಮ ಬದುಕನ್ನೇ ಮೀಸಲಿಟ್ಟ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ನೀವೂ ಮಾಡಿ ನೋಡಿ. ಕಡ್ಡಿಗಳ ತುದಿಯ ಮದ್ದನ್ನು ಮೊದಲು ಕೆರೆದು ತೆಗೆಯಿರಿ. ಟ್ಯೂಬನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ತುಂಡಿನ ಎರಡೂ ಬದಿಗೆ ಒಂದೊಂದು ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿಯಿಂದ ತ್ರಿಕೋನ, ನಾಲ್ಕರಿಂದ ಚೌಕ ಮಾಡಿ. ಚೌಕವನ್ನು ಬೆರಳಿನಿಂದ ಒತ್ತಿದರೆ ಅದು ಓರೆಯಾಗಿ ವಾಲುತ್ತದೆ. ತ್ರಿಕೋನ ಮಾತ್ರ ಜಗ್ಗುವುದಿಲ್ಲ. ಮೂರು ಬಾಹುಗಳ ಉದ್ದ ಗೊತ್ತಾಯಿತೆಂದರೆ ತ್ರಿಕೋನದ ಕೋನಗಳೂ ನಿಶ್ಚಿತವಾಗುತ್ತವೆ. ಚೌಕಕ್ಕೆ ಆ ಕಟ್ಟುಪಾಡಿಲ್ಲ. ರೈಲು ಸೇತುವೆ, ವಿದ್ಯುತ್ ಗೋಪುರಗಳಲ್ಲಿ ಓರೆಪಟ್ಟಿಗಳು ಇರುವುದು ಇದಕ್ಕಾಗಿಯೇ. ನಾನು ಬಿ.ಎಸ್ಸಿ. ಪದವೀಧರ. ತ್ರಿಕೋನದ ಪ್ರಮೇಯಗಳನ್ನು ಬಾಯಿಪಾಠ ಒಪ್ಪಿಸಿ ಅಂಕ ಪಡೆದವನು. ಆದರೂ ದಿನವೂ ನೋಡುವ ಗೋಪುರದಲ್ಲಿ ಆ ಪ್ರಮೇಯ ನಿಂತಿದೆ ಎಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದರ ಧ್ವನಿ-ಚಿತ್ರ ಮುದ್ರಣ ನಡೆಯುತ್ತಿತ್ತು. ಇದೇ ಕಡ್ಡಿ, ಟ್ಯೂಬುಗಳಿಂದ ಒಂದು ರಬ್ಬರನ್ನು ಹೊರಬಲ್ಲ ಎರಡು ಅಂತಸ್ತಿನ ಗೋಪುರ ಕಟ್ಟುವಂತೆ ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆವು. ಒಬ್ಬ ಹುಡುಗಿ ಚೌಕಗಳನ್ನು ಜೋಡಿಸಿ ಚೆಂದದ ಗೋಪುರ ಕಟ್ಟಿದಳು. ಮೇಲೆ ರಬ್ಬರ್ ಇಟ್ಟೊಡನೆ ಅದು ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ನಾನು ‘ಕಟ್’ ಎಂದೆ. ಸ್ಟುಡಿಯೋದ ಸಮಯ ಮೀರುತ್ತಿತ್ತು. ಮೊದಲೇ ಮಾಡಿಸಿಟ್ಟಿದ್ದ ಗಟ್ಟಿ ಗೋಪುರವನ್ನು ತರಿಸಿ, ಅದರ ಚಿತ್ರೀಕರಣ ಮುಗಿಸಿದೆವು.

ಅಷ್ಟರಲ್ಲಿ ಆ ಹುಡುಗಿ ಒಂದು ಮೂಲೆಯಲ್ಲಿ ಕುಳಿತಿದ್ದಳು. ಚೌಕಕ್ಕೆ ಓರೆಯಾಗಿ ಬೆಂಕಿಕಡ್ಡಿ ಹಿಡಿದು ನೋಡಿದಳು. ಅದು ಮೂಲೆಯಿಂದ ಮೂಲೆಗೆ ಮುಟ್ಟಲಿಲ್ಲ. ಚೌಕದ ಕರ್ಣ ಬಾಹುವಿನ ಸುಮಾರು 1.4 ಪಟ್ಟು ಉದ್ದ ಎಂದು ಪೈಥಾಗೊರಸ್ ಪ್ರಮೇಯ ಕಲಿತ ನೀವು ಹೇಳಬಲ್ಲಿರಿ. ಅವಳಿಗೆ ಆ ಪ್ರಮೇಯ ಗೊತ್ತಿರಲಿಲ್ಲ. ಎದ್ದು ಹೋಗಿ ಅಲ್ಲಿದ್ದ ಪೊರಕೆಯಿಂದ ಕಡ್ಡಿ ಮುರಿದು ತಂದಳು. ಅಳತೆಗೆ ತುಂಡು ಮಾಡಿ, ಪ್ರತಿ ಮಗ್ಗುಲಿಗೂ ಓರೆಯಾಗಿ ದಾರದಿಂದ ಕಟ್ಟಿದಳು. ಈ ಬಾರಿ ಗೋಪುರ ರಬ್ಬರನ್ನು ಹೊತ್ತು ನಿಂತಿತು.

“ಸಾರ್, ನಂದು ಬಿದ್ದಿದ್ದನ್ನ ಟೀವೀಲಿ ತೋರಿಸಲ್ವಾ?” ಎಂದು ಕೇಳಿದಳು. “ಇಲ್ಲಮ್ಮ, ಅದು ತಪ್ಪಾಯಿತಲ್ಲ” ಎಂದೆ. “ಬಿದ್ದಿದ್ದಕ್ಕೇ ಅಲ್ವಾ ಸಾರ್ ಗೊತ್ತಾಗಿದ್ದು?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ದೀಪಗಳನ್ನು ಆರಿಸಿಯಾಗಿತ್ತು. ಆ ಕಂತು ಪ್ರಸಾರವಾಯಿತು. ಅದರಲ್ಲಿ ಬಿದ್ದ ಗೋಪುರವೂ ಇರಲಿಲ್ಲ, ಪೊರಕೆಕಡ್ಡಿಯೂ ಇರಲಿಲ್ಲ. ಸಮಸ್ಯೆಯನ್ನು ಬಿಡಿಸುವುದು ಹೇಗೆಂದು ಕಲಿಸಹೊರಟ ನಾನು, ಸಮಸ್ಯೆಯನ್ನೇ ಕತ್ತರಿಸಿ ಬಿಸಾಡಿದ್ದೆ. ತಿದ್ದಿ ಬರೆದ ಉತ್ತರವನ್ನಷ್ಟೇ ಕಪ್ಪುಹಲಗೆಯ ಮೇಲೆ ತೋರಿಸುವಾಗ ತರಗತಿಗಳಲ್ಲೂ ಆಗುವುದು ಇದೇ. ಅದನ್ನು ನೋಡಿದ ಮಗು, ಬಲ್ಲವರು ಎಂದೂ ತಪ್ಪುವುದಿಲ್ಲ ಎಂದುಕೊಳ್ಳುತ್ತದೆ. ತನ್ನದು ಬಿದ್ದಾಗ ‘ನನಗೆ ಬುದ್ಧಿಯಿಲ್ಲ’ ಎಂದು ಕೈಚೆಲ್ಲುತ್ತದೆ.

ಮಿತ್ರರೇ, ಈ ತಪ್ಪನ್ನು ತಿದ್ದಲು ನಿಮ್ಮಿಂದ ಸಾಧ್ಯ. ಬರುವ ರಜೆಯಲ್ಲಿ ನಿಮ್ಮ ತಮ್ಮ ತಂಗಿಯರನ್ನು, ಬೀದಿಯ ಪುಟ್ಟ ಮಕ್ಕಳನ್ನು ಜಗಲಿಯ ಮೇಲೆ ಕೂಡಿಸಿಕೊಳ್ಳಿ. ಸ್ಪಷ್ಟವಾದ ಒಂದು ಕೆಲಸ ಕೊಡಿ. ಇಷ್ಟೇ ಕಡ್ಡಿ, ಇಷ್ಟೇ ಹೊತ್ತು ಎಂಬ ಮಿತಿಯನ್ನೂ ಹಾಕಿ. ಕಟ್ಟುವ ಮೊದಲು ಚಿತ್ರ ಬರೆಯಲಿ. ಬಿದ್ದರೆ ‘ಮೊದಲು ಯಾವ ಕಡೆ ವಾಲಿತು?’ ಎಂದು ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲಿ. ಆಗ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ. ಎಲ್ಲಕ್ಕಿಂತ ಕಷ್ಟದ ಕೆಲಸ ನಿಮ್ಮದು: ಉತ್ತರ ಗೊತ್ತಿದ್ದರೂ ಕೈ ಚಾಚದೆ, ಬಾಯಿ ಬಿಡದೆ ಕಾಯುವುದು.

ಮಗುವಿನ ಗೋಪುರ ಬಿದ್ದಾಗ ಯಾರೂ ‘ಕಟ್’ ಎನ್ನದಿರಲಿ. ಅಂದು ನಾನು ತೋರಿಸದೆ ಬಿಟ್ಟ ದೃಶ್ಯವನ್ನು ನೀವು ನಿಮ್ಮ ಜಗಲಿಯಲ್ಲಿ ನೋಡುವಂತಾಗಲಿ.