ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ
(ಸಂಘದ ವಾರ್ಷಿಕೋತ್ಸವದ ಯುವಜನಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡದ ಉತ್ಸವದಲ್ಲಿ ಸಾಲದ ಮಾತನ್ನೆತ್ತುವುದು ಕೆಲವರಿಗೆ ಅನುಚಿತವೆನಿಸಬಹುದು. ಆದರೆ ಭಾಷೆ ಬದುಕುವುದು ಅದನ್ನಾಡುವ ಮನೆಗಳು ಬದುಕಿದ್ದರೆ ಮಾತ್ರ. ಮನೆಯ ಅಳಿವು ಉಳಿವುಗಳಲ್ಲಿ ಸಾಲದ ಪಾತ್ರವು ಅಲ್ಪವಲ್ಲ. ಆದುದರಿಂದ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

1956ರ ನವೆಂಬರ್ 1ರ ವರೆಗೆ ನಮ್ಮ ಈ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿತ್ತು. ಆ ಜಿಲ್ಲೆಯು ಬ್ಯಾಂಕುಗಳ ತವರೆಂದು ಖ್ಯಾತವಾದುದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ನೆಟ್ಟ ನಿಧಿಯೇ ಇಂದಿನ ಕೆನರಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಸಂಗ್ರಹಿಸಿತು. ಕೂಡಿಡುವ ವಿದ್ಯೆಯನ್ನು ನಮ್ಮ ಹಿರಿಯರು ಹೀಗೆ ಕಲಿತರು. ಸಾಲ ಪಡೆಯುವ ವಿದ್ಯೆಯನ್ನು ಮಾತ್ರ ನಮಗೆ ಯಾರೂ ಕಲಿಸಲಿಲ್ಲ. ಇಂದು ಹದಿನೆಂಟು ವರ್ಷದ ಹುಡುಗನ ಮುಂದೆ ಮೊದಲು ಬರುವ ದೊಡ್ಡ ಲೆಕ್ಕವೇ ಸಾಲದ ಲೆಕ್ಕ.

ಅಂತಹ ಸಾಲಗಳು ಎರಡು. ಕಾಲೇಜಿಗೆ ಸೇರುವಾಗ ವಿದ್ಯಾಸಾಲ. ಉದ್ಯೋಗ ದೊರೆತೊಡನೆ ವಾಹನಸಾಲ. ಎರಡಕ್ಕೂ ಸಾಲವೆಂಬ ಹೆಸರೊಂದೇ ಆದರೂ ಗುಣ ಬೇರೆ. ವಿದ್ಯೆಯು ಸರಿಯಾಗಿ ಆರಿಸಿದ್ದಾದರೆ ಕಾಲ ಕಳೆದಂತೆ ಬೆಲೆಯೇರುತ್ತದೆ. ಕಾರು ಅಂಗಡಿಯ ಬಾಗಿಲನ್ನು ದಾಟಿದ ದಿನದಿಂದಲೇ ಬೆಲೆಯಿಳಿಯುತ್ತದೆ.

ಮೊದಲು ವಿದ್ಯಾಸಾಲವನ್ನು ನೋಡೋಣ. 4 ಲಕ್ಷ ರೂಪಾಯಿವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಅಡವನ್ನು ಕೇಳಕೂಡದೆಂಬುದು ರಿಸರ್ವ್ ಬ್ಯಾಂಕಿನ ಆದೇಶ. 2015ರಲ್ಲಿ ಬಂದ ಖಾತರಿ ನಿಧಿಯ ಯೋಜನೆಗೆ ಒಳಪಟ್ಟ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಅಡವೂ ಬೇಡ, ಅನ್ಯರ ಜಾಮೀನೂ ಬೇಡ; ತಂದೆಯೋ ತಾಯಿಯೋ ಸಹಸಾಲಗಾರರಾದರೆ ಸಾಕು. ಓದುವ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ತೀರಿಸಲು ಹದಿನೈದು ವರ್ಷಗಳವರೆಗೆ ಅವಕಾಶವುಂಟು.

ಇಲ್ಲಿಯೇ ಒಂದು ಭ್ರಮೆ ಹುಟ್ಟುತ್ತದೆ. ಕಂತಿಲ್ಲವೆಂದರೆ ಬಡ್ಡಿಯಿಲ್ಲವೆಂದು ಅನೇಕರು ತಿಳಿಯುತ್ತಾರೆ. ಬಡ್ಡಿಯು ಹಣ ಕೈಸೇರಿದ ದಿನದಿಂದಲೇ ನಡೆಯುತ್ತದೆ. ಲೆಕ್ಕಕ್ಕೆಂದು ಶೇಕಡಾ 10ರ ದರವನ್ನಿಟ್ಟುಕೊಳ್ಳಿ. ನಾಲ್ಕು ವರ್ಷಗಳ ಓದಿಗೆ ಪ್ರತಿವರ್ಷದ ಆದಿಯಲ್ಲಿ 1 ಲಕ್ಷದಂತೆ 4 ಲಕ್ಷ ಪಡೆದರೆ, ಐದನೆಯ ವರ್ಷದ ಕೊನೆಗೆ ಸರಳಬಡ್ಡಿಯೇ 1,40,000 ರೂಪಾಯಿ. ಎಂದರೆ ಮೊದಲ ಕಂತಿನ ದಿನ ನಿಮ್ಮ ಸಾಲ 5,40,000. ಅದನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ. ಒಟ್ಟು ಕಟ್ಟಿದ್ದು 8,56,000ಕ್ಕೂ ಮಿಗಿಲು. ಐದೇ ವರ್ಷಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 11,473, ಒಟ್ಟು 6,88,000ದಷ್ಟು. ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಬಂದವನಿಗೆ ಉಳಿಯುವುದು 4 ಲಕ್ಷ ಮಾತ್ರ. ಚಿಕ್ಕ ಕಂತು ಹಗುರವೆಂದು ತೋರುತ್ತದೆ; ಆದರೆ ಅದು ಬಹುಕಾಲ ಹೊರಬೇಕಾದ ಹೊರೆ.

ಸರ್ಕಾರದ ನೆರವನ್ನೂ ಕೇಳಿ ಪಡೆಯಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವಸಂಪುಟದ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗೊತ್ತುಪಡಿಸಿದ ಉತ್ತಮ ಸಂಸ್ಥೆಗಳಿಗೆ ಸೇರಿದ, 8 ಲಕ್ಷದವರೆಗಿನ ವಾರ್ಷಿಕ ವರಮಾನದ ಕುಟುಂಬದ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತಿಲ್ಲದ ಅವಧಿಯಲ್ಲಿ, ಶೇಕಡಾ 3ರ ಬಡ್ಡಿಸಹಾಯವನ್ನು ವಿಧಿಸಲಾಯಿತು. ಇದು ವರ್ಷಕ್ಕೆ ಇಂತಿಷ್ಟು ಜನರಿಗೆಂಬ ಮಿತಿಯುಳ್ಳದ್ದು. ಆದುದರಿಂದ ತಡಮಾಡದೆ ವಿಚಾರಿಸಬೇಕು.

ಇನ್ನು ವಾಹನಸಾಲ. ಇಲ್ಲಿ ಮೋಸಹೋಗುವುದು ಒಂದು ಮಾತಿನಲ್ಲಿ. 6 ಲಕ್ಷದ ಸಾಲಕ್ಕೆ ಐದು ವರ್ಷಗಳಿಗೆ ‘ಫ್ಲ್ಯಾಟ್’ ಶೇಕಡಾ 10 ಎಂದು ಒಬ್ಬನು ಹೇಳುತ್ತಾನೆ. ಇಳಿಯುವ ಬಾಕಿಯ ಮೇಲೆ ಶೇಕಡಾ 10 ಎಂದು ಇನ್ನೊಬ್ಬನು. ಕೇಳುವವನ ಕಿವಿಗೆ ಎರಡೂ ಒಂದೇ. ಆದರೆ ಮೊದಲನೆಯವನು ತೀರಿದ ಅಸಲಿನ ಮೇಲೂ ಬಡ್ಡಿ ಹಾಕುತ್ತಾನೆ. ಅವನಿಗೆ ಕೊಡಬೇಕಾದ ಬಡ್ಡಿ 3 ಲಕ್ಷ, ಕಂತು 15,000. ಎರಡನೆಯವನ ಬಡ್ಡಿ ಸುಮಾರು 1,65,000, ಕಂತು 12,748. ಮೊದಲನೆಯವನ ಹತ್ತು, ನಿಜವಾಗಿ ನೋಡಿದರೆ, ಹದಿನೇಳಕ್ಕೂ ಹೆಚ್ಚು!

ಸಾಲ ತೀರುವ ತನಕ ವಾಹನವು ಪೂರ್ತಿ ನಿಮ್ಮದಲ್ಲ. ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ. ಸಾಲ ತೀರಿಸಿದರೂ, ಅವರಿಂದ ನಿರಾಕ್ಷೇಪಣಾ ಪತ್ರ ಪಡೆದು ಸಾರಿಗೆ ಕಚೇರಿಯಲ್ಲಿ ಆ ಹೆಸರನ್ನು ತೆಗೆಸುವವರೆಗೆ ಕೆಲಸ ಮುಗಿಯಲಿಲ್ಲ. ನಮ್ಮಂಥ ಗಡಿಯವರಿಗೆ ಇನ್ನೊಂದು ತೊಡಕುಂಟು. ಕಾಸರಗೋಡಿನಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳು ಮೀರಿ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇಟ್ಟುಕೊಂಡರೆ, ಅಲ್ಲಿ ಮರುನೋಂದಣಿ ಮಾಡಿಸಿ ಅಲ್ಲಿಯ ತೆರಿಗೆಯನ್ನು ಕಟ್ಟಬೇಕು. ಸಾಲವಿರುವಾಗ ಅದಕ್ಕೂ ಸಾಲ ಕೊಟ್ಟವರ ಒಪ್ಪಿಗೆ ಬೇಕು. ಎಲ್ಲಿ ದುಡಿಯುವೆನೆಂಬುದು ಗೊತ್ತಾಗುವ ಮುನ್ನವೇ ಕಾರು ಕೊಳ್ಳುವವನು ಇದನ್ನು ನೆನೆಯುವುದು ಮೇಲು.

ಇದೆಲ್ಲವನ್ನೂ ನಾನು ಕಲಿತದ್ದು ಪುಸ್ತಕದಿಂದಲ್ಲ. 2012ರಲ್ಲಿ ನನ್ನ ತಂಗಿಯ ಮಗನ ಇಂಜಿನಿಯರಿಂಗ್ ಓದಿಗಾಗಿ 5 ಲಕ್ಷದ ಸಾಲಕ್ಕೆ ನಾನು ಜಾಮೀನು ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾನು, ಇಂಗ್ಲಿಷಿನಲ್ಲಿದ್ದ ಹತ್ತಾರು ಪುಟಗಳ ಕೆಳಗೆ, ಪೆನ್ಸಿಲಿನ ಗುರುತಿದ್ದ ಕಡೆಗಳಲ್ಲೆಲ್ಲ ಓದದೆಯೇ ಸಹಿ ಹಾಕಿದೆ. ಕೇಳಿದರೆ ಅಜ್ಞಾನ ಬಯಲಾದೀತೆಂಬ ಸಂಕೋಚ. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ದೊರೆಯಿತು. ವಿದ್ಯಾಸಾಲದ ಕಂತಿನ ಜೊತೆಗೆ 2018ರಲ್ಲಿ ಕಾರಿನ ಕಂತೂ ಸೇರಿತು. 2020ರ ಮೇ ತಿಂಗಳಲ್ಲಿ ಕೆಲಸ ಹೋಯಿತು. ಆಗ ರಿಸರ್ವ್ ಬ್ಯಾಂಕು ಆಗಸ್ಟಿನ ಕೊನೆಯವರೆಗೆ ಕಂತು ಮುಂದೂಡಲು ಅನುಮತಿ ಕೊಟ್ಟಿತ್ತು. ಅವನು ಕೇಳಲಿಲ್ಲ, ನಾಚಿಕೆಯಿಂದ ಬಂದ ಪತ್ರಗಳನ್ನು ಒಡೆಯಲೇ ಇಲ್ಲ. ಮರುವರ್ಷ ನೋಟೀಸು ನನ್ನ ಮನೆಗೆ ಬಂದಿತು.

ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದೆಂದು 1872ರ ಕರಾರು ಕಾಯಿದೆ ಹೇಳುತ್ತದೆಂಬುದನ್ನು ಅಂದು ತಿಳಿದೆ. ಕಾರನ್ನು ಮಾರಿದರೆ ಕಾರಿನ ಸಾಲವೇ ತೀರಲಿಲ್ಲ. ಕೊರತೆಯಾದ 90,000ವನ್ನು ಆ ವರ್ಷದ ಅಡಿಕೆಯ ಹಣದಿಂದ ತುಂಬಿದೆ. ನನ್ನ ತಂಗಿ ಎರಡು ವರ್ಷ ನನ್ನ ಮುಖ ನೋಡಿ ಮಾತಾಡಲಿಲ್ಲ, ಕೋಪದಿಂದಲ್ಲ, ಲಜ್ಜೆಯಿಂದ. ಹಣದ ನಷ್ಟಕ್ಕಿಂತ ಅದೇ ನನ್ನನ್ನು ಹೆಚ್ಚು ನೋಯಿಸಿತು. ಹುಡುಗನು ಸೋಲಲಿಲ್ಲ. ಮತ್ತೆ ಕೆಲಸ ಹಿಡಿದು, ಕಡಿಮೆ ಮೊತ್ತಕ್ಕೆ ರಾಜಿಯಾಗುವ ದಾರಿಯನ್ನು ಬಿಟ್ಟು, 2024ರಲ್ಲಿ ಪೂರ್ತಿ ಬಾಕಿಯನ್ನು ತೀರಿಸಿದನು. ರಾಜಿಯಾದ ಸಾಲವು ಸಾಲಚರಿತ್ರೆಯಲ್ಲಿ ಕಲೆಯಾಗಿ ಉಳಿದು ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆಂಬುದನ್ನು ಅವನು ಅರಿತಿದ್ದನು.

ತರುಣ ಮಿತ್ರರೆ, ನನಗೆ ಇರದಿದ್ದ ಒಂದು ಹಕ್ಕು ನಿಮಗಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂತಹ ಪ್ರತಿಯೊಂದು ಹೊಸ ಸಾಲಕ್ಕೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಬಡ್ಡಿ ಮತ್ತು ಶುಲ್ಕಗಳೆಲ್ಲವನ್ನೂ ಸೇರಿಸಿದ ನಿಜವಾದ ವಾರ್ಷಿಕ ದರವು ಅದರಲ್ಲಿರಬೇಕು. ‘ಫ್ಲ್ಯಾಟ್’ ಎಂಬ ಮಾತಿನ ಮಾಯೆ ಅಲ್ಲಿ ನಡೆಯದು. ಎಲ್ಲಕ್ಕಿಂತ ಮಿಗಿಲಾಗಿ, ಆ ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮಂಜೇಶ್ವರದ ತಾಯಿಗೆ ತಿಳಿಯುವ ಭಾಷೆ ಕನ್ನಡವಾದರೆ ಕನ್ನಡದಲ್ಲಿಯೇ ಕೇಳಿರಿ. ಇದು ಯಾರ ಮೇಲಿನ ದ್ವೇಷವೂ ಅಲ್ಲ; ಮಲಯಾಳವನ್ನು ನಾವು ನೆರೆಯ ಮನೆಯ ಭಾಷೆಯಾಗಿ ಪ್ರೀತಿಸುತ್ತೇವೆ. ಆದರೆ ಋಣದ ಮಾತನ್ನು ತಾಯ್ನುಡಿಯಲ್ಲಿ ತಿಳಿದ ಮೇಲೆಯೇ ಕೈಯೊಪ್ಪ ಹಾಕಬೇಕು.

ಕೊನೆಯದಾಗಿ ಮೂರು ಮಾತು. ವಿದ್ಯಾಸಾಲವು ಹಿಡಿತಕ್ಕೆ ಬರುವ ಮುನ್ನ ವಾಹನಸಾಲಕ್ಕೆ ಕೈಚಾಚಬೇಡಿರಿ. ಕಂತು ತಪ್ಪುವಂತಿದ್ದರೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಹೇಳಿರಿ, ಮನೆಯವರಿಗೂ ಹೇಳಿರಿ. ಓದದ ಕಾಗದಕ್ಕೆ, ಕೇಳುವವನು ಎಷ್ಟೇ ಆಪ್ತನಾದರೂ, ಸಹಿ ಹಾಕಬೇಡಿರಿ.

ಸಂಘದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ವಾಚನಾಲಯದ ಮೂಲೆಯಲ್ಲಿ ಒಂದು ಮೇಜನ್ನು ಇದಕ್ಕೆಂದು ಬಿಟ್ಟುಕೊಡಿರಿ. ಆದಿತ್ಯವಾರಗಳಂದು ಸಾಲದ ಕಾಗದಗಳನ್ನು ತರುವ ಮಕ್ಕಳಿಗೂ ತಾಯಂದಿರಿಗೂ ಅವುಗಳನ್ನು ಕನ್ನಡದಲ್ಲಿ ಓದಿ ಹೇಳಲು ನಾನು ಬರುತ್ತೇನೆ. ಆ ಮೇಜಿನ ಎರಡನೆಯ ಕುರ್ಚಿಯಲ್ಲಿ ಕುಳಿತುಕೊಳ್ಳಲು ನನ್ನ ಸೋದರಳಿಯನು ಒಪ್ಪಿದ್ದಾನೆ.